ಎರಡು ಜಾಗರಣೆಗೆ ಒಬ್ಬನೇ ಅಗಸ್ತ್ಯ

ಬರಿಗಣ್ಣಲ್ಲಿ ನಕ್ಷತ್ರ ನೋಡುವ ಚಟ ಹತ್ತಿದವರಿಗೆ ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಊರು ಸಿಕ್ಕರೆ ಪುಣ್ಯ. ಮಾದಪ್ಪನ ಬೆಟ್ಟದ ಕಾಡಿನ ಆಸುಪಾಸು. ದೊಡ್ಡ ಪೇಟೆಯ ಬೆಳಕಿನ ಕಾಟವಿಲ್ಲ. ಕರೆಂಟು ಹೋದ ರಾತ್ರಿಯಂತೂ ಬೈಯಬೇಡಿ, ಹೊರಗೆ ಬಂದು ದಕ್ಷಿಣಕ್ಕೆ ತಿರುಗಿ.

ಚಳಿಗಾಲದ ಆಕಾಶದಲ್ಲಿ ಎಲ್ಲ ನಕ್ಷತ್ರಗಳಿಗಿಂತ ಪ್ರಖರವಾಗಿ, ತುಸು ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುವುದು ಲುಬ್ಧಕ. ಅಲ್ಲಿಂದ ನೇರ ಕೆಳಕ್ಕೆ ಕಣ್ಣಿಳಿಸಿದರೆ ಒಂಟಿಯಾಗಿ ನಿಂತವನು ಅಗಸ್ತ್ಯ, ಪ್ರಖರತೆಯಲ್ಲಿ ಎರಡನೆಯವನು. ಆಗಷ್ಟೇ ಮೂಡಿದಾಗ ಕೆಂಪು, ಹಸಿರು ಚಿಮ್ಮಿಸುತ್ತ ಮಿನುಗುತ್ತಾನೆ. ಮೇಲೇರಿದಂತೆ ಮಿನುಗು ತಗ್ಗಿ ಬಣ್ಣ ನೆಲೆ ನಿಲ್ಲುತ್ತದೆ. ಆ ಬದಲಾವಣೆ ನೋಡಲು ಅರ್ಧ ಗಂಟೆ ಕೂರಲಾರದವರಿಗೆ ದೂರದರ್ಶಕ ಕೊಡಿಸಿಯೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದಿಲ್ಲಿಯವರಿಗೆ ಅಗಸ್ತ್ಯ ದಿಗಂತದಿಂದ ಒಂಬತ್ತು ಡಿಗ್ರಿ ಏರುವುದೂ ಕಷ್ಟ; ನಮಗೆ ಇಪ್ಪತ್ತೈದು ಡಿಗ್ರಿ. ವಿಂಧ್ಯವನ್ನು ತಗ್ಗಿಸಿ ದಕ್ಷಿಣಕ್ಕೆ ಬಂದ ಋಷಿಯ ಹೆಸರನ್ನು ಈ ನಕ್ಷತ್ರಕ್ಕಿಟ್ಟವರು ಆಕಾಶವನ್ನು ಚೆನ್ನಾಗಿಯೇ ನೋಡಿದ್ದರು. ಆತನ ಕಮಂಡಲುವಿನಿಂದ ಹರಿದಳೆಂಬ ಕಾವೇರಿಯೂ ಈ ಕಾಡನ್ನು ಬಳಸಿಕೊಂಡೇ ತಮಿಳುನಾಡಿಗೆ ಇಳಿಯುತ್ತಾಳೆ. ಅಗಸ್ತ್ಯ ಮೂಡಿದರೆ ಕದಡಿದ ನೀರು ತಿಳಿಯಾಗುತ್ತದೆ ಎಂಬ ಹಳೆಯ ನಂಬಿಕೆ ಮಾತ್ರ ಇಲ್ಲಿಗೆ ಒಪ್ಪುವುದಿಲ್ಲ. ಆತ ಮುಂಜಾವದಲ್ಲಿ ಕಾಣತೊಡಗುವುದು ಆಗಸ್ಟ್‌ನಲ್ಲಿ. ಈ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು.

ಆತನ ದೂರ ಸುಮಾರು 310 ಜ್ಯೋತಿರ್ವರ್ಷ. ಈಗ ಕಣ್ಣಿಗೆ ಬೀಳುವ ಬೆಳಕು ಹೊರಟಾಗ ಮೈಸೂರಿನಲ್ಲಿ ದೊಡ್ಡ ಕೃಷ್ಣರಾಜ ಒಡೆಯರ ಕಾಲ. ಸೂರ್ಯನಿಗಿಂತ ಹತ್ತು ಸಾವಿರ ಪಟ್ಟು ಬೆಳಗುವ ಈ ದೈತ್ಯನೂ ಶಾಶ್ವತನಲ್ಲ, ಯೌವನ ದಾಟಿ ಉರಿದು ತೀರುತ್ತಿರುವವನೇ. ಆದರೆ ನಮ್ಮ ಏಳು ತಲೆಮಾರಿಗಾಗುವಷ್ಟು ನಂಬಿಕಸ್ಥ.

ಮಾರ್ಟಳ್ಳಿಯಲ್ಲಿ ಆ ನಂಬಿಕೆಗೆ ಎರಡು ಗುರುತುಗಳಿವೆ. ತಮಿಳು ಮನೆಮಾತಿನ ಕ್ರೈಸ್ತರು ಹೆಚ್ಚಿರುವ ಊರು. ಕ್ರಿಸ್‌ಮಸ್ ಬಂತೆಂದರೆ ಮನೆ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ. ಡಿಸೆಂಬರ್ 24ರ ನಡುರಾತ್ರಿಯ ಬಲಿಪೂಜೆ ಮುಗಿದು ಜನ ಹೊರಬರುವ ಹನ್ನೆರಡೂವರೆಯ ಹೊತ್ತಿಗೆ ಅಗಸ್ತ್ಯ ಸರಿಯಾಗಿ ದಕ್ಷಿಣದಲ್ಲಿ, ತನ್ನ ಅತಿ ಎತ್ತರದಲ್ಲಿ ಇರುತ್ತಾನೆ. ಎರಡು ತಿಂಗಳು ಕಳೆದು ಶಿವರಾತ್ರಿ. ಬೆಟ್ಟದಲ್ಲಿ ಮಾದಪ್ಪನ ಒಕ್ಕಲು ಜಾಗರಣೆಗೆ ಕೂತಿರುತ್ತದೆ. ಅಮಾವಾಸ್ಯೆಯ ಮುಂಚಿನ ರಾತ್ರಿಯಾದ್ದರಿಂದ ಚಂದ್ರನ ಅಡ್ಡಿಯಿಲ್ಲ. ಹಬ್ಬ ಫೆಬ್ರವರಿ ನಡುವಿಗೆ ಬಿದ್ದರೆ ರಾತ್ರಿ ಒಂಬತ್ತಕ್ಕೆ, ಮಾರ್ಚ್ ಮೊದಲಿಗೆ ಬಿದ್ದರೆ ಎಂಟಕ್ಕೆ, ಅದೇ ಜಾಗದಲ್ಲಿ ಅದೇ ಅಗಸ್ತ್ಯ. ಎರಡು ಜಾಗರಣೆಯವರೂ ತಲೆಯೆತ್ತಿದರೆ ಕಾಣುವವನು ಒಬ್ಬನೇ. ಹಬ್ಬವಿಲ್ಲದ ದಿನಗಳಲ್ಲಿ ಅವನನ್ನು ಕಾಣುವವರು ಹೊಲದ ಅಟ್ಟಣೆಯಲ್ಲಿ ರಾಗಿಗೆ ಹಂದಿ, ಆನೆ ನುಗ್ಗದಂತೆ ಕಾವಲಿರುವವರು. ನವೆಂಬರಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಆತ ಮೂಡುತ್ತಾನೆ. ಅನಂತ, ಶಾಶ್ವತ ಎಂದೆಲ್ಲ ನಾವು ಅಂಕಣಕಾರರು ಬರೆಯುತ್ತೇವೆ; ಅವರಿಗೆ ಅದು ಕಾವಲಿನ ನಡುವೆ ಕಣ್ಣಿಗೆ ಬಿದ್ದು ಹೋಗುವ ಸಂಗತಿ. ನನಗೆ ಅವರ ನೋಟವೇ ಹೆಚ್ಚು ಸಾಚಾ ಅನಿಸುತ್ತದೆ.

ಮುಂದಿನ ಶಿವರಾತ್ರಿಗೆ ನೀವೂ ನೋಡಿ. ಮೊಬೈಲ್ ಒಳಗಿಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿ. ದಕ್ಷಿಣ ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ. ಕಾಡಂಚಿಗೆ ಮಾತ್ರ ಹೋಗಬೇಡಿ, ಆನೆ ಓಡಾಡುವ ಜಾಗ. ಮನೆಯ ಮಾಳಿಗೆ ಸಾಕು.