ಬೇರೆಯವರ ಹಾಡಿಗೆ ತನ್ನ ದನಿ

ರಿಯಾಲಿಟಿ ಶೋ ಮೂಲಕ ಬಂದವರನ್ನು ರಾಕ್ ಕೇಳುಗರು ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲ್ಕು ಜನ ಗೆಳೆಯರು ಸೇರಿ ಬ್ಯಾಂಡ್ ಕಟ್ಟಬೇಕು, ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ಹಾಡಬೇಕು, ತಮ್ಮ ಹಾಡು ತಾವೇ ಬರೆಯಬೇಕು, ಹೆಸರು ಬರುವುದೇನಿದ್ದರೂ ಆಮೇಲೆ. ಇದು ಆ ಸಂಗೀತ ತನಗೆ ತಾನೇ ಹಾಕಿಕೊಂಡ ನಿಯಮ. ಟೀವಿ ಮುಂದೆ ಕೂತವರು ಫೋನಿನಲ್ಲಿ ಮತ ಹಾಕಿ ಗಾಯಕನನ್ನು ಆರಿಸುವುದು ಈ ನಿಯಮಕ್ಕೆ ತೀರಾ ವಿರುದ್ಧ. ಕೇಳುಗರ ಈ ಅನುಮಾನದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ 2009ರ ‘ಅಮೆರಿಕನ್ ಐಡಲ್’ ಎಂಟನೇ ಆವೃತ್ತಿಯಲ್ಲಿ ಆಡಮ್ ಲ್ಯಾಂಬರ್ಟ್ ಹಾಡಿದ್ದನ್ನೆಲ್ಲ ಒಂದಾದ ಮೇಲೊಂದು ಕೇಳುತ್ತಾ ಹೋದರೆ, ಸ್ಪರ್ಧೆಯ ಕಟ್ಟುಪಾಡುಗಳೇ ಒಬ್ಬ ಗಾಯಕನ ಕಲೆಯನ್ನು ಹೇಗೆ ಹುರಿಗೊಳಿಸಿದವು ಎಂಬುದು ಕಿವಿಗೇ ತಿಳಿಯುತ್ತದೆ. ಅವು ಏನನ್ನು ಕಲಿಸಲಿಲ್ಲ ಎಂಬುದು ಮುಂದಿನ ಹತ್ತು ವರ್ಷಗಳಲ್ಲಿ ತಿಳಿಯಿತು.

ಲ್ಯಾಂಬರ್ಟ್ ಹೊಸಬರೇನೂ ಆಗಿರಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ 1982ರಲ್ಲಿ ಹುಟ್ಟಿ ಸ್ಯಾನ್ ಡಿಯಾಗೊದಲ್ಲಿ ಬೆಳೆದವರು. ಚಿಕ್ಕಂದಿನಿಂದ ಸಂಗೀತ ನಾಟಕಗಳಲ್ಲಿ ಪಳಗಿದವರು. ಲಾಸ್ ಏಂಜಲೀಸ್‌ನಲ್ಲಿ ‘ವಿಕೆಡ್’ ನಾಟಕದ ಮೇಳದಲ್ಲಿದ್ದು, ನಾಯಕ ಪಾತ್ರಧಾರಿ ಬಾರದ ದಿನ ಆ ಪಾತ್ರಕ್ಕೆ ನಿಲ್ಲುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಆಡಿಷನ್‌ನಲ್ಲಿ ಅವರು ಆರಿಸಿಕೊಂಡ ಹಾಡುಗಳಲ್ಲಿ ಒಂದು ಕ್ವೀನ್ ಬ್ಯಾಂಡಿನ ‘ಬೊಹೀಮಿಯನ್ ರಾಪ್ಸಡಿ’. ತೀರ್ಪುಗಾರ ಸೈಮನ್ ಕೋವೆಲ್ ಅವರಿಗೆ ಇದೆಲ್ಲ ತೀರಾ ನಾಟಕೀಯ ಎನಿಸಿತು. ಈ ಆಕ್ಷೇಪ ಕೊನೆವರೆಗೂ ಲ್ಯಾಂಬರ್ಟ್ ಬೆನ್ನು ಬಿಡಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಶಕ್ತಿ ಇರುವುದೇ ಅಲ್ಲಿ. ಅವರು ಪ್ರತಿ ಹಾಡನ್ನೂ ಒಂದು ಪಾತ್ರವೆಂದು ಹಿಡಿಯುತ್ತಾರೆ: ಈ ಮಾತನ್ನು ಆಡುತ್ತಿರುವವನು ಯಾರು, ಯಾರಿಗೆ ಆಡುತ್ತಿದ್ದಾನೆ, ಈಗ ಯಾಕೆ ಆಡುತ್ತಿದ್ದಾನೆ ಎಂದು ಕೇಳಿಕೊಂಡು ಆಮೇಲೆ ದನಿ ತೆಗೆಯುತ್ತಾರೆ.

ಐಡಲ್‌ನ ಕ್ರಮ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ವಾರಕ್ಕೊಂದು ವಿಷಯವನ್ನು ಶೋದವರೇ ಕೊಡುತ್ತಾರೆ: ಒಂದು ವಾರ ಕಂಟ್ರಿ ಸಂಗೀತ, ಇನ್ನೊಂದು ವಾರ ಮೋಟೌನ್ ಕಂಪನಿಯ ಹಾಡುಗಳು, ಮತ್ತೊಂದು ವಾರ ಸ್ಪರ್ಧಿ ಹುಟ್ಟಿದ ವರ್ಷದ ಹಾಡು. ಮೂಲ ಹಾಡು ನಾಲ್ಕು ನಿಮಿಷದ್ದಾದರೆ ವೇದಿಕೆಯಲ್ಲಿ ಸಿಗುವುದು ಎರಡು ನಿಮಿಷಕ್ಕೂ ಕಡಿಮೆ. ಯಾವ ಚರಣ ಬಿಡಬೇಕು, ಎಲ್ಲಿ ಏರಬೇಕು, ವಾದ್ಯಗಳು ಹೇಗಿರಬೇಕು ಎಂಬುದನ್ನು ಕೆಲವೇ ದಿನಗಳಲ್ಲಿ ತೀರ್ಮಾನಿಸಬೇಕು. ಹಿಂದಿನ ವರ್ಷವಷ್ಟೇ ಗೆದ್ದಿದ್ದ ಡೇವಿಡ್ ಕುಕ್ ಕೂಡ ಇದೇ ದಾರಿಯಲ್ಲಿ ಪಾಪ್ ಹಾಡುಗಳನ್ನು ರಾಕ್ ಮಾಡಿ ಹಾಡಿದ್ದರು. ನಮ್ಮಲ್ಲಿ ಈಟಿವಿಯ ‘ಎದೆ ತುಂಬಿ ಹಾಡುವೆನು’ ನೋಡಿ ಬೆಳೆದವರಿಗೆ ಇದು ಬೇರೆಯೇ ಶಾಲೆ ಎನಿಸಬಹುದು. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರು ಮಕ್ಕಳನ್ನು ತಿದ್ದುತ್ತಿದ್ದಾಗ ಮೂಲ ರಚನೆಯ ಮೇಲಿನ ಗೌರವ ಎದ್ದು ಕಾಣುತ್ತಿತ್ತು. ಸಂಗೀತ ನಿರ್ದೇಶಕರು ಇಟ್ಟ ಸಂಗತಿ ತಪ್ಪಬಾರದು, ಕವಿಯ ಅಕ್ಷರ ನಲುಗಬಾರದು. ಐಡಲ್‌ನಲ್ಲಿ ಮೂಲದಂತೆಯೇ ಹಾಡಿದವರಿಗೆ ಬೀಳುತ್ತಿದ್ದದ್ದು ಬೈಗುಳ. ಎರಡಕ್ಕೂ ಅದರದರ ನ್ಯಾಯವಿದೆ. ಲ್ಯಾಂಬರ್ಟ್ ಮಾತ್ರ ಎರಡನೆಯದರಲ್ಲಷ್ಟೇ ಅರಳಬಹುದಾಗಿದ್ದ ಗಾಯಕ.

ಕಂಟ್ರಿ ವಾರದಲ್ಲಿ ಅವರು ಹಾಡಿದ ‘ರಿಂಗ್ ಆಫ್ ಫೈರ್’ ಈಗಲೂ ಜಗಳ ಎಬ್ಬಿಸುತ್ತದೆ. ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್ ಬರೆದು, ಜಾನಿ ಕ್ಯಾಶ್ 1963ರಲ್ಲಿ ಮನೆಮಾತಾಗಿಸಿದ ಹಾಡು ಅದು. ಕ್ಯಾಶ್ ಹಾಡಿದ್ದರಲ್ಲಿ ಮೆಕ್ಸಿಕೊ ಶೈಲಿಯ ತುತ್ತೂರಿಗಳು ಲವಲವಿಕೆಯಿಂದ ಮೊಳಗುತ್ತವೆ. ಲ್ಯಾಂಬರ್ಟ್ ಅದರ ನಡೆಯನ್ನು ತಗ್ಗಿಸಿ, ಕೆಳಗೆ ಒಂದು ಶ್ರುತಿಯನ್ನು ಎಳೆದು ಹಿಡಿಸಿ, ಸಿತಾರಿನ ಛಾಯೆ ಬರುವಂತೆ ಕಟ್ಟಿಸಿ, ಪಶ್ಚಿಮ ಏಷ್ಯಾದ ಬಳುಕುಗಳನ್ನು ಸೇರಿಸಿದರು. ಕೋವೆಲ್ ಇದನ್ನು ಸ್ವಂತ ಖುಷಿಗೆ ಹಾಡಿಕೊಂಡ ಕಸವೆಂದು ತಳ್ಳಿಹಾಕಿದರು. ನಾನು ಅರ್ಧ ಒಪ್ಪುತ್ತೇನೆ. ಅಲಂಕಾರ ಹೆಚ್ಚಾಗಿದೆ; ಕೊನೆಯ ಏರುದನಿ ಹಾಡಿನ ಒಳಗಿನ ಉರಿಗಿಂತ ಗಂಟಲಿನ ಕಸುವನ್ನೇ ತೋರಿಸುತ್ತದೆ. ಆದರೆ ಹಾಡಿನ ಮಾತನ್ನು ಓದಿದ ರೀತಿ ತಪ್ಪಲ್ಲ. ತಡೆಯಲಾಗದ ಒಲವೊಂದು ಮನುಷ್ಯನನ್ನು ಸುಡುವ ಭಯ ಆ ಸಾಲುಗಳಲ್ಲಿದೆ. ಕ್ಯಾಶ್ ಅವರ ತುತ್ತೂರಿಗಳು ಮುಚ್ಚಿಟ್ಟಿದ್ದ ಆ ಭಯವನ್ನು ಲ್ಯಾಂಬರ್ಟ್ ಹೊರಗೆ ತಂದರು. ಕಂಟ್ರಿ ಸಂಗೀತದ ಅಭಿಮಾನಿಗಳು ಮತ ಹಾಕುವ ಶೋದಲ್ಲಿ ಹೀಗೆ ಮಾಡುವುದಕ್ಕೆ ಎದೆಗಾರಿಕೆ ಬೇಕು.

ಮರುವಾರ ಮೋಟೌನ್. ಕಾಡಿಗೆ, ಚರ್ಮದ ಜಾಕೆಟ್ ಎಲ್ಲ ಬಿಟ್ಟು, ಕೂದಲನ್ನು ಹಿಂದಕ್ಕೆ ಬಾಚಿ, ಸೂಟು ತೊಟ್ಟು ಬಂದ ಲ್ಯಾಂಬರ್ಟ್ ‘ದ ಟ್ರ್ಯಾಕ್ಸ್ ಆಫ್ ಮೈ ಟಿಯರ್ಸ್’ ಹಾಡಿದರು. ಆ ಹಾಡನ್ನು ಮೂಲದಲ್ಲಿ ಹಾಡಿದ್ದ ಸ್ಮೋಕಿ ರಾಬಿನ್ಸನ್ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಎಲ್ಲದಕ್ಕೂ ಮೇಲಿನದು ಏಪ್ರಿಲ್ 7ರ ರಾತ್ರಿಯ ‘ಮ್ಯಾಡ್ ವರ್ಲ್ಡ್’. ಹುಟ್ಟಿದ ವರ್ಷದ ಹಾಡು ಆರಿಸಬೇಕಾದ ವಾರವದು. ಟಿಯರ್ಸ್ ಫಾರ್ ಫಿಯರ್ಸ್ ಬ್ಯಾಂಡಿಗಾಗಿ ರೋಲಂಡ್ ಒರ್ಜಬಾಲ್ ಬರೆದು ಕರ್ಟ್ ಸ್ಮಿತ್ ಹಾಡಿದ ಈ ಗೀತೆ 1982ರಲ್ಲಿ ಬಂದಾಗ ಸಿಂಥಸೈಸರ್‌ಗಳ ಚುರುಕಾದ ತಾಳಕ್ಕೆ ಕುಣಿಯುವಂತಿತ್ತು. ‘ಡಾನಿ ಡಾರ್ಕೊ’ ಸಿನಿಮಾಕ್ಕಾಗಿ ಮೈಕಲ್ ಆಂಡ್ರ್ಯೂಸ್ ಮತ್ತು ಗ್ಯಾರಿ ಜೂಲ್ಸ್ ಅದನ್ನು ಪಿಯಾನೊ ಜೊತೆ ನಿಧಾನಗೊಳಿಸಿದರು. 2003ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಲ್ಯಾಂಬರ್ಟ್ ಹಿಡಿದದ್ದು ಈ ಎರಡನೆಯ ರೂಪವನ್ನು. ಹಾಗಾಗಿ ಅರೇಂಜ್‌ಮೆಂಟಿನ ಹೊಸತನ ಅವರದ್ದಲ್ಲ. ಅವರದ್ದು ದನಿಯ ಹಂಚಿಕೆ.

ನೀಲಿ ಬೆಳಕಿನಲ್ಲಿ ಕುರ್ಚಿಯ ಮೇಲೆ ಕೂತೇ ಹಾಡುತ್ತಾರೆ. ಮೈ ಹೆಚ್ಚು ಅಲುಗುವುದಿಲ್ಲ. ಶುರುವಿನ ಸಾಲುಗಳನ್ನು ಮಾತಿಗೆ ಹತ್ತಿರವಾಗಿ, ಉಸಿರು ಬೆರೆತ ದನಿಯಲ್ಲಿ ಬಿಡುತ್ತಾರೆ. ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಗ್ಯಾರಿ ಜೂಲ್ಸ್ ಅವರಲ್ಲಿ ಕೊನೆವರೆಗೂ ಒಂದೇ ಮಂಕಿನ ಬಣ್ಣವಿದ್ದರೆ, ಲ್ಯಾಂಬರ್ಟ್ ಅವರಲ್ಲಿ ಸಾಲಿನಿಂದ ಸಾಲಿಗೆ ಒಂದು ಚಡಪಡಿಕೆ ಬೆಳೆಯುತ್ತದೆ. ಕೊನೆಯ ಹತ್ತಿರ ದನಿ ಮೇಲೇರಿದರೂ ಅದು ಕೂಗಾಗುವುದಿಲ್ಲ. ಏರಿದ್ದು ಫಾಲ್ಸೆಟ್ಟೊದ ತೆಳುವಿಗೆ ಜಾರಿ ಮತ್ತೆ ಇಳಿಯುತ್ತದೆ. ಬೇಕೆಂದಾಗ ತಾರಸ್ಥಾಯಿಯಲ್ಲಿ ಗುಡುಗಬಲ್ಲವರೆಂದು ಕೇಳುಗರಿಗೆ ಆಗಲೇ ಗೊತ್ತಿದ್ದರಿಂದ ಈ ತಡೆತ ಇನ್ನಷ್ಟು ಬಿಗಿಯಾಗಿ ತಟ್ಟುತ್ತದೆ. ಆ ರಾತ್ರಿ ಕಾರ್ಯಕ್ರಮದ ಸಮಯ ಮೀರಿದ್ದರಿಂದ ಮಾತಾಡುವ ಅವಕಾಶ ಕೋವೆಲ್ ಒಬ್ಬರಿಗೇ ಸಿಕ್ಕಿತು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಟಕೀಯ ಎಂದು ಮೂಗು ಮುರಿದವರೇ ಎದ್ದು ನಿಂತದ್ದು ನಾಟಕ ಬಲ್ಲವರು ಮಾತ್ರ ಸಾಧಿಸಬಹುದಾದ ಈ ಸಂಯಮಕ್ಕೆ.

ಈ ಸಂಯಮ ಅವರಲ್ಲಿ ನಿಲ್ಲಲಿಲ್ಲ ಎಂಬುದೇ ನನ್ನ ತಕರಾರು. ಗಿಟಾರ್ ವಾದಕ ಸ್ಲ್ಯಾಶ್ ಮಾರ್ಗದರ್ಶಕರಾಗಿದ್ದ ರಾಕ್ ವಾರದಲ್ಲಿ ಹಾಡಿದ ಲೆಡ್ ಜೆಪ್ಲಿನ್ ಬ್ಯಾಂಡಿನ ‘ಹೋಲ್ ಲಾಟ ಲವ್’ ರೋಮಾಂಚಕವಾಗಿತ್ತು, ನಿಜ. ಆ ಹಾಡು ಬೇಡುವುದೇ ಅಂಥ ಅಬ್ಬರವನ್ನು. ಆದರೆ ಇತರ ಹಲವು ವಾರಗಳಲ್ಲಿ ಹಾಡು ಯಾವುದೇ ಇರಲಿ, ಮುಗಿಯುವ ಹೊತ್ತಿಗೆ ಒಂದು ಚೀತ್ಕಾರ ಬಂದೇ ಬರುತ್ತಿತ್ತು. ಇದು ಅವರೊಬ್ಬರ ಚಟವಲ್ಲ, ಸ್ಪರ್ಧೆ ಕಲಿಸುವ ಚಟ. ಎರಡು ನಿಮಿಷ ತುಂಬದ ಹಾಡು ಮತ ತರಬೇಕಾದರೆ ಅದಕ್ಕೊಂದು ಶಿಖರ ಬೇಕು, ಅದೂ ಫೋನ್ ನಂಬರ್ ತೆರೆಯ ಮೇಲೆ ಬರುವ ಮೊದಲೇ. ರಾಕ್ ಸಂಗೀತದ ದೊಡ್ಡ ಹಾಡುಗಳು ಹೀಗೆ ಕೆಲಸ ಮಾಡುವುದಿಲ್ಲ. ಅವು ಕಾಯಿಸುತ್ತವೆ, ಸುತ್ತಿ ಬರುತ್ತವೆ, ಹೇಳಿದ್ದನ್ನೇ ಹೇಳಿ ಅರ್ಥ ಬದಲಿಸುತ್ತವೆ.

ಮೇ 20ರಂದು ಫಲಿತಾಂಶ ಬಂದಾಗ ಗೆದ್ದವರು ಅರ್ಕನ್ಸಾದ ಕ್ರಿಸ್ ಆಲನ್. ಬಿದ್ದ ಮತಗಳು ಸುಮಾರು 10 ಕೋಟಿ ಎಂದು ವೇದಿಕೆಯಲ್ಲಿ ಘೋಷಿಸಲಾಯಿತು. ಒಬ್ಬರೇ ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಿತ್ತು. ಲ್ಯಾಂಬರ್ಟ್ ಸಲಿಂಗಿಯೆಂಬ ಕಾರಣಕ್ಕೆ ಸೋತರೇ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ಕೆಲವೇ ವಾರಗಳಲ್ಲಿ ಅವರು ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ತಮ್ಮ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ಗೆಲುವಿಗಿಂತ ನನಗೆ ಮುಖ್ಯ ಎನಿಸುವುದು ಆ ಅಂತಿಮ ಸುತ್ತಿನ ಇನ್ನೊಂದು ಸಂಗತಿ. ಇಬ್ಬರೂ ಹಾಡಬೇಕಾಗಿದ್ದ ಹೊಚ್ಚ ಹೊಸ ಗೀತೆ ‘ನೋ ಬೌಂಡರೀಸ್’. ಅದರ ಬರಹಗಾರರಲ್ಲಿ ಒಬ್ಬರು ತೀರ್ಪುಗಾರ್ತಿ ಕಾರಾ ಡಿಯೊಗಾರ್ಡಿ. ಇಡೀ ಆವೃತ್ತಿಯಲ್ಲಿ ಇಬ್ಬರ ಬಾಯಲ್ಲೂ ಅತ್ಯಂತ ಪೇಲವವಾಗಿ ಕೇಳಿದ್ದು ಅದೇ. ಹಾಡುವವರನ್ನು ಹುಡುಕಲು ಕೋಟ್ಯಂತರ ಜನರನ್ನು ಸೇರಿಸಿದ ಶೋಗೆ, ಅವರ ಕೈಗೆ ಕೊಡಲು ಒಂದು ಒಳ್ಳೆಯ ಹೊಸ ಹಾಡು ಇರಲಿಲ್ಲ.

ಆರು ತಿಂಗಳಲ್ಲಿ ಮೊದಲ ಆಲ್ಬಂ ‘ಫಾರ್ ಯುವರ್ ಎಂಟರ್‌ಟೇನ್‌ಮೆಂಟ್’ ಬಂತು. ಲೇಡಿ ಗಾಗಾ, ಮ್ಯೂಸ್ ಬ್ಯಾಂಡಿನ ಮ್ಯಾಟ್ ಬೆಲಮಿ, ದ ಡಾರ್ಕ್‌ನೆಸ್‌ನ ಜಸ್ಟಿನ್ ಹಾಕಿನ್ಸ್ ಹೀಗೆ ಒಬ್ಬೊಬ್ಬರು ಒಂದೊಂದು ಹಾಡು ಕೊಟ್ಟರು. ಗ್ರ್ಯಾಮಿ ನಾಮನಿರ್ದೇಶನ ತಂದ ‘ವಾಟ್ಯಾ ವಾಂಟ್ ಫ್ರಮ್ ಮಿ’ ಕೂಡ ಗಾಯಕಿ ಪಿಂಕ್ ಮತ್ತು ಗೆಳೆಯರು ಬರೆದದ್ದು. ಆಲ್ಬಮ್ಮಿನ ಉದ್ದಕ್ಕೂ ಲ್ಯಾಂಬರ್ಟ್ ಒಂದೊಂದು ವಾರದ ವಿಷಯಕ್ಕೆ ಹಾಡುತ್ತಿರುವ ಸ್ಪರ್ಧಿಯಂತೆಯೇ ಕೇಳಿಸುತ್ತಾರೆ: ಇಲ್ಲಿ ಗ್ಲ್ಯಾಮ್, ಇಲ್ಲಿ ಡಿಸ್ಕೊ, ಇಲ್ಲಿ ಬ್ಯಾಲಡ್. ಎಲ್ಲವೂ ಚೆನ್ನ, ಯಾವುದೂ ಅವರದ್ದಲ್ಲ. 2012ರ ‘ಟ್ರೆಸ್‌ಪಾಸಿಂಗ್’ ಅದಕ್ಕಿಂತ ಎಷ್ಟೋ ಮೇಲು. ಹಲವು ಹಾಡುಗಳ ಬರವಣಿಗೆಯಲ್ಲಿ ಅವರ ಕೈಯಿದೆ. ಮೊದಲರ್ಧದ ಕುಣಿತ ಮುಗಿದ ಮೇಲೆ ಬರುವ ‘ಔಟ್‌ಲಾಸ್ ಆಫ್ ಲವ್’ನಲ್ಲಿ ಸ್ವಂತ ಬದುಕಿನ ನೋವಿದೆ. ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡ ಗಾಯಕರೊಬ್ಬರ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಆದರೂ ಮರುವರ್ಷ ಅವರ ರೆಕಾರ್ಡ್ ಕಂಪನಿ ಬಯಸಿದ್ದು ಎಂಬತ್ತರ ದಶಕದ ಹಳೆಯ ಹಾಡುಗಳ ಆಲ್ಬಂ ಒಂದನ್ನು. ಮತ್ತೆ ಐಡಲ್ ವೇದಿಕೆಗೇ ಹೋಗಿ ನಿಲ್ಲು ಎಂದಂತೆ. ಲ್ಯಾಂಬರ್ಟ್ ಒಪ್ಪದೆ ಕಂಪನಿಯನ್ನೇ ಬಿಟ್ಟರು. ಅವರ ವೃತ್ತಿಜೀವನದ ಅತ್ಯಂತ ರಾಕ್ ನಿರ್ಧಾರವೆಂದರೆ ಅದು.

ಕ್ವೀನ್ ಜೊತೆಗಿನ ಹಾಡುಗಾರಿಕೆಯನ್ನು ಮಾತ್ರ ಹಳೆಯ ಹಾಡಿನ ಚಾಕರಿ ಎಂದು ಕರೆಯಲಾಗದು. ಐಡಲ್‌ನ ಅಂತಿಮ ಸುತ್ತಿನ ವೇದಿಕೆಗೆ ಬಂದಿದ್ದ ಆ ಬ್ಯಾಂಡಿನ ಬ್ರಿಯಾನ್ ಮೇ, ರೋಜರ್ ಟೇಲರ್ 2011ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಅವರನ್ನು ಜೊತೆಗೆ ಹಾಡಿಸಿದರು. 2012ರಿಂದ ಪೂರ್ಣ ಕಛೇರಿಗಳೇ ಶುರುವಾದವು. ಕ್ವೀನ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ನಿಂತಿದ್ದ ಜಾಗವದು. ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಪಿಯಾನೊ ಕಲಿತು, ಹುಡುಗರ ಬ್ಯಾಂಡಿನಲ್ಲಿ ನುಡಿಸಿದ್ದ ಫರೂಖ್ ಬಲ್ಸಾರಾ ಮುಂದೆ ಫ್ರೆಡ್ಡಿಯಾಗಿ ಜಗತ್ತಿನ ಕ್ರೀಡಾಂಗಣಗಳನ್ನು ಅಂಗೈಯಲ್ಲಿ ಆಡಿಸಿದ ಜಾಗ. ಅಲ್ಲಿ ನಿಂತು ಅನುಕರಿಸಿದರೆ ಅವಮಾನ, ಮರೆತರೆ ಅಪಚಾರ. ಲ್ಯಾಂಬರ್ಟ್ ತಾನು ಫ್ರೆಡ್ಡಿಯಲ್ಲ ಎಂದು ವೇದಿಕೆಯಲ್ಲೇ ಹೇಳಿ ಆಮೇಲೆ ತನ್ನ ಗತ್ತಿನಲ್ಲಿ ಹಾಡುತ್ತಾರೆ. ಫ್ರೆಡ್ಡಿಯ ದನಿಯಲ್ಲಿ ಎದೆಯ ಒರಟು ಇತ್ತು. ಇವರದ್ದು ಹೆಚ್ಚು ನಯ, ಹೆಚ್ಚು ಹೊಳಪು. ‘ವಿ ವಿಲ್ ರಾಕ್ ಯೂ’ದಂಥ ಹಾಡಿಗೆ ಆ ಒರಟಿಲ್ಲದೆ ಕಳೆ ಕಡಿಮೆಯಾಗುತ್ತದೆ. ‘ಹೂ ವಾಂಟ್ಸ್ ಟು ಲಿವ್ ಫಾರೆವರ್’ ಬಂದಾಗ ಅದೇ ನಯ ವರವಾಗುತ್ತದೆ. ಇಲ್ಲಿ ಎರಡು ನಿಮಿಷದ ಗಡುವಿಲ್ಲ. ಮೊದಲ ಸಾಲುಗಳನ್ನು ಬೇಕಾದಷ್ಟು ಕೆಳಗೆ ಇಟ್ಟು ಹಾಡಲು ಅವರಿಗೆ ಸಮಯ ಸಿಗುತ್ತದೆ.

ಸಮಯ ಸಿಕ್ಕರೆ ಈ ಗಾಯಕ ಏನಾಗಬಲ್ಲರು ಎಂಬುದಕ್ಕೆ 2018ರ ಡಿಸೆಂಬರ್‌ನ ಕೆನಡಿ ಸೆಂಟರ್ ಗೌರವ ಸಮಾರಂಭವನ್ನು ನೋಡಬೇಕು. ಗಾಯಕಿ ಶೇರ್ ಅವರ ಎದುರಿಗೆ ಅವರದ್ದೇ ‘ಬಿಲೀವ್’ ಹಾಡಿದರು. 1998ರ ಆ ಹಾಡು ಹೆಸರಾದದ್ದು ಯಂತ್ರದಿಂದ ತಿರುಚಿದ ದನಿಗೆ ಮತ್ತು ನೃತ್ಯದ ತಾಳಕ್ಕೆ. ಲ್ಯಾಂಬರ್ಟ್ ಎರಡನ್ನೂ ತೆಗೆದು ನಿಧಾನವಾಗಿ ಹಾಡಿದಾಗ, ಸಂಬಂಧ ಮುರಿದುಬಿದ್ದವರು ತಮಗೆ ತಾವೇ ಧೈರ್ಯ ಹೇಳಿಕೊಳ್ಳುವ ಹಾಡು ಒಳಗಿನಿಂದ ಎದ್ದು ಬಂತು. ಶೇರ್ ಕಣ್ಣೊರೆಸಿಕೊಂಡರು. ಐಡಲ್‌ನ ಹಾಲಿವುಡ್ ವಾರದಲ್ಲೂ ಅವರು ಇದೇ ಹಾಡನ್ನು ನಿಧಾನಗತಿಯಲ್ಲೇ ಹಾಡಿದ್ದರು. ಎರಡನ್ನೂ ಒಟ್ಟಿಗಿಟ್ಟು ಕೇಳಿದರೆ ಕಲ್ಪನೆ ಒಂದೇ. ಆದರೆ 2009ರಲ್ಲಿ ಆಯ್ಕೆಯಾಗುವ ಆತುರ ಕೇಳಿಸುತ್ತದೆ, 2018ರಲ್ಲಿ ಸಾಲುಗಳ ನಡುವೆ ಉಸಿರಾಡುವ ಬಿಡುವು ಕೇಳಿಸುತ್ತದೆ.

2024ರಲ್ಲಿ ಅವರು ಬ್ರಾಡ್‌ವೇಯ ‘ಕ್ಯಾಬರೆ’ ನಾಟಕದಲ್ಲಿ ನಿರೂಪಕ ‘ಎಂಸಿ’ಯ ಪಾತ್ರ ವಹಿಸಿದರು. ಕುಣಿಸಿ ನಗಿಸುತ್ತಲೇ ನಾಜಿಗಳು ತಲೆಯೆತ್ತುತ್ತಿದ್ದ ಕಾಲದ ಬರ್ಲಿನ್‌ನ ಕೇಡನ್ನು ತೋರಿಸುವ ಪಾತ್ರವದು. ಸೈಮನ್ ಕೋವೆಲ್ ಯಾವುದನ್ನು ದೋಷವೆಂದರೋ ಅದೇ ಅಲ್ಲಿನ ಅರ್ಹತೆ. ನನಗೆ ಇನ್ನೂ ಬೇಕಾಗಿರುವುದು ಆ ‘ಬಿಲೀವ್’ನಷ್ಟೇ ಬಿಡುವಿರುವ ಅವರ ಸ್ವಂತ ಹಾಡುಗಳು. 2015ರ ‘ಗೋಸ್ಟ್ ಟೌನ್’ನ ಮೊದಲ ಸಾಲುಗಳಲ್ಲಿ, ಬರೀ ಗಿಟಾರಿನ ಜೊತೆ ದನಿಯೊಂದೇ ಇರುವಷ್ಟು ಹೊತ್ತು, ಅಂಥ ಹಾಡೊಂದು ಶುರುವಾಗುತ್ತದೆ. ಆಮೇಲೆ ಡ್ಯಾನ್ಸ್ ಬೀಟ್ ಬಂದು ಅದನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತದೆ.