ಜೋಡಿ ಇಲ್ಲದೆ ಬಂದವರಿಗೂ ಒಂದು ಸುತ್ತು

ಹೈದರಾಬಾದಿನಲ್ಲಿ ಬಾಲ್‌ರೂಂ ನೃತ್ಯದ ಮಾತೆತ್ತಿದರೆ ಎಲ್ಲರೂ ಕೈ ತೋರಿಸುವುದು ಫಲಕ್‌ನುಮಾ ಅರಮನೆಯ ಕಡೆಗೆ. ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಕಟ್ಟಿಸಲು ತೊಡಗಿ, ಕೈ ಖಾಲಿ ಮಾಡಿಕೊಂಡು, ಕೊನೆಗೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನರಿಗೆ ಒಪ್ಪಿಸಿದ ಅರಮನೆ ಅದು. 101 ಜನ ಒಟ್ಟಿಗೆ ಕೂರುವ ಊಟದ ಮೇಜು, ಎರಡು ಟನ್ ತೂಕದ ಆರ್ಗನ್ ಇರುವ ಬಾಲ್‌ರೂಂ, ಎಲ್ಲವೂ ಅಲ್ಲಿವೆ. 2010ರಿಂದ ತಾಜ್‌ನವರ ಹೋಟೆಲು. ಕಣ್ಣಿಗೆ ಹಬ್ಬವೇ ಸರಿ. ಆದರೆ ಈ ಊರಿನ ಜನ ಕುಣಿದು ಕುಣಿದು ಸವೆಸಿದ ನೆಲ ಅದಲ್ಲ. ಅದನ್ನು ಹುಡುಕಬೇಕಾದರೆ ಗುಡ್ಡದ ಅರಮನೆ ಬಿಟ್ಟು ಸಿಕಂದರಾಬಾದಿನ ರೈಲು ಹಳಿಯ ಪಕ್ಕಕ್ಕೆ ಬರಬೇಕು.

ನಿಜಾಮರ ರೈಲು ಮೊದಲು ಓಡಿದ್ದು 1874ರಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ. ಆಮೇಲೆ ಲಾಲಾಗುಡದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಅದರ ಸುತ್ತ ಡ್ರೈವರು, ಗಾರ್ಡು, ಫೋರ್‌ಮನ್‌ಗಳ ಬಂಗಲೆಗಳ ಸಾಲು. ಅವರಲ್ಲಿ ಬಹಳ ಜನ ಆಂಗ್ಲೋ ಇಂಡಿಯನ್ನರು. ಇಂಥ ರೈಲ್ವೆ ಕಾಲೊನಿಗಳಲ್ಲಿ ಇನ್‌ಸ್ಟಿಟ್ಯೂಟ್ ಎಂದರೆ ಬಿಲಿಯರ್ಡ್ಸ್ ಮೇಜು, ಹೌಸಿ ಆಟ, ಮರದ ಹಲಗೆಯ ನೆಲ. ನೆಲ ಜಾರಲೆಂದು ಪುಡಿ ಉದುರಿಸಿ, ಮಕ್ಕಳನ್ನು ಗೋಣಿತಾಟಿನ ಮೇಲೆ ಕೂರಿಸಿ ಎಳೆದಾಡುತ್ತಿದ್ದರಂತೆ. ಕ್ರಿಸ್‌ಮಸ್ ಡಾನ್ಸ್, ಹೊಸ ವರ್ಷದ ಡಾನ್ಸ್, ಬೇಸಗೆಯಲ್ಲಿ ಮೇ ಕ್ವೀನ್ ಬಾಲ್. ಹುಬ್ಬಳ್ಳಿಯ ರೈಲ್ವೆ ಕಾಲೊನಿಯನ್ನೋ ಕೋಲಾರದ ಚಿನ್ನದ ಗಣಿಯ ಹಳೆಯ ದಿನಗಳನ್ನೋ ಬಲ್ಲ ಕನ್ನಡಿಗರಿಗೆ ಇದೇನೂ ಹೊಸದಲ್ಲ.

ಆ ಸಂಜೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ವಾಲ್ಟ್ಸ್ ಅಲ್ಲ, ಫಾಕ್ಸ್‌ಟ್ರಾಟ್ ಅಲ್ಲ. ಪಾಲ್ ಜೋನ್ಸ್ ಎಂಬ ಒಂದು ಆಟ. ಹೆಂಗಸರು ಒಳಗಿನ ವರ್ತುಲದಲ್ಲಿ ಹೊರಮುಖವಾಗಿ, ಗಂಡಸರು ಹೊರಗಿನ ವರ್ತುಲದಲ್ಲಿ ಒಳಮುಖವಾಗಿ ಕೈಕೈ ಹಿಡಿದು ನಿಲ್ಲುತ್ತಾರೆ. ಬ್ಯಾಂಡು ಹೊಡೆಯುತ್ತಿದ್ದಂತೆ ಎರಡು ವರ್ತುಲಗಳೂ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ಸಂಗೀತ ನಿಂತಾಗ ಯಾರ ಎದುರು ಯಾರಿದ್ದಾರೋ ಅವರೇ ಮುಂದಿನ ನೃತ್ಯಕ್ಕೆ ಜೋಡಿ. ಫೋರ್‌ಮನ್ನನ ಹೆಂಡತಿಗೆ ನಿನ್ನೆ ಕೆಲಸಕ್ಕೆ ಸೇರಿದ ಫೈರ್‌ಮನ್ ಸಿಗಬಹುದು, ಹದಿನಾರರ ಹುಡುಗನಿಗೆ ಅಜ್ಜಿ ಸಿಗಬಹುದು. ಬೇಡ ಎನ್ನುವಂತಿಲ್ಲ. ಕೆಲವೇ ನಿಮಿಷ, ಮತ್ತೆ ಸುತ್ತು, ಮತ್ತೊಬ್ಬರು. ಒಬ್ಬಂಟಿಯಾಗಿ ಬಂದು ಮೂಲೆಯ ಕುರ್ಚಿ ಹಿಡಿದವರನ್ನೂ ಎಬ್ಬಿಸಿ ನೆಲಕ್ಕೆ ತರುವ ಇಷ್ಟು ಸರಳವಾದ ಉಪಾಯ ಬೇರೊಂದಿಲ್ಲ. ನೃತ್ಯ ಕ್ಲಬ್ಬೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಹಿಡಿಯುವ ಅಳತೆಗೋಲು ಇದೇ: ಯಾರ ಪರಿಚಯವೂ ಇಲ್ಲದೆ ಬಂದವರಿಗೆ ಆ ಸಂಜೆ ಎಷ್ಟು ನೃತ್ಯ ಸಿಕ್ಕಿತು?

ಹಳೆಯದನ್ನು ಕೊಂಡಾಡಲು ಹೊರಟಿಲ್ಲ. ರೈಲ್ವೆ ಊರುಗಳಲ್ಲಿ ಆಂಗ್ಲೋ ಇಂಡಿಯನ್ನರಿಗೆ ಒಂದು ಇನ್‌ಸ್ಟಿಟ್ಯೂಟ್, ಉಳಿದ ಭಾರತೀಯರಿಗೆ ಇನ್ನೊಂದು ಎಂಬ ಏರ್ಪಾಡು ಸಾಮಾನ್ಯವಾಗಿತ್ತು. ವರ್ತುಲದ ಒಳಗೆ ಎಲ್ಲರೂ ಸಮ. ವರ್ತುಲಕ್ಕೆ ಸೇರಲು ಮಾತ್ರ ಹುಟ್ಟು ಕೇಳುತ್ತಿದ್ದರು. 1947ರ ನಂತರ ಮನೆಗೊಬ್ಬಿಬ್ಬರಂತೆ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೊರಟ ಮೇಲೆ ಆ ವರ್ತುಲವೇ ಸಣ್ಣದಾಯಿತು. ಬಾಗಿಲನ್ನು ಮೊದಲೇ ಅಗಲ ಮಾಡಿದ್ದರೆ ಎಂದು ಈಗ ಅನ್ನಿಸುತ್ತದೆ.

1878ರ ಸಿಕಂದರಾಬಾದ್ ಕ್ಲಬ್ಬಿನ ಬಾಗಿಲು ಇನ್ನೂ ಕಿರಿದು. ದಂಡಿನ ಅಧಿಕಾರಿಗಳಿಗಾಗಿ ಹುಟ್ಟಿದ್ದು, ಇಂದಿಗೂ ಸದಸ್ಯರದ್ದೇ ಲೋಕ. 2022ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ ನಸುಕಿನಲ್ಲಿ ಅದರ ಹಳೆಯ ಮುಖ್ಯ ಕಟ್ಟಡ ಬೆಂಕಿಗೆ ತುತ್ತಾಯಿತು. ಊರು ಮರುಗಿದ್ದು ನಿಜ, ಆದರೆ ಮರುಗಿದವರಲ್ಲಿ ಬಹಳ ಮಂದಿ ಆ ಕಟ್ಟಡವನ್ನು ಒಳಗಿನಿಂದ ಕಂಡವರಲ್ಲ.

ಈಗಿನ ಸಂಗತಿಗೆ ಬರೋಣ. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಕಡೆಯಿಂದ ಗಚ್ಚಿಬೌಲಿಯವರೆಗೆ ಡಾನ್ಸ್ ಸ್ಟುಡಿಯೋಗಳಿಗೆ ಬರವಿಲ್ಲ. ಸಾಲ್ಸಾ, ಬಚಾಟಾಗಳದ್ದೇ ಮೇಲುಗೈ. ಬಾಲ್‌ರೂಂ ಎಂದರೆ ಚಾ-ಚಾ-ಚಾ, ಜೈವ್, ಕೇಳಿದವರಿಗೆ ವಾಲ್ಟ್ಸ್. ಬರುವವರು ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸದವರು, ಊರಿಗೆ ಹೊಸಬರು, ಸಂಜೆ ಕಳೆಯಲು ನಾಲ್ಕು ಪರಿಚಯದ ಮುಖ ಬೇಕಾದವರು. ಕಲಿಸುವ ಗುಣಮಟ್ಟವನ್ನು ನಾನು ಹೀಗಳೆಯಲಾರೆ. ಇಂಗ್ಲೆಂಡಿನ ನೃತ್ಯ ಶಿಕ್ಷಕರ ಸಂಘ 1904ರಷ್ಟು ಹಿಂದಿನದು. ಅಲ್ಲಿಂದ ಬಂದ ಪಠ್ಯಕ್ರಮ, ಅದರ ಮೇಲೆ ವಿಡಿಯೋಗಳು, ಎರಡೂ ಸೇರಿ ಇಂದಿನ ಕಲಿಕೆ ಚೊಕ್ಕಟವಾಗಿದೆ. ಹಿಮ್ಮಡಿ ಮೊದಲು ಊರಬೇಕೋ ಬೆರಳ ತುದಿಯೋ ಎಂಬುದು ಇಲ್ಲಿನ ಹುಡುಗ ಹುಡುಗಿಯರಿಗೆ ಗೊತ್ತು.

ಕೊರತೆ ಇರುವುದು ಬೇರೆ ಕಡೆ. ಇವರಲ್ಲಿ ಬಹಳಷ್ಟು ಜನ ಕಲಿಯುವುದು ಒಂದು ಹಾಡಿಗೆ ಕಟ್ಟಿದ, ಬಾಯಿಪಾಠದ ಹೆಜ್ಜೆಗಳನ್ನು. ಮದುವೆಯ ಸಂಗೀತ್‌ಗೆ ವಧೂವರರನ್ನು ತಯಾರು ಮಾಡುವುದೇ ಅನೇಕ ಸ್ಟುಡಿಯೋಗಳ ಅನ್ನವಾದ್ದರಿಂದ ತರಗತಿಯೂ ಅದೇ ಅಚ್ಚಿನಲ್ಲಿರುತ್ತದೆ. ಹಾಡು ಬದಲಾಯಿಸಿ, ಇಲ್ಲವೇ ಜೋಡಿ ಬದಲಾಯಿಸಿ. ಹೆಜ್ಜೆ ಅಲ್ಲಿಗೇ ನಿಂತಿತು. ಬಾಲ್‌ರೂಮಿನ ಹೆಚ್ಚುಗಾರಿಕೆ ಇರುವುದೇ ಇದಕ್ಕೆ ಎದುರಾಗಿ. ನಿಮಿಷಕ್ಕೆ ಸುಮಾರು 30 ಆವರ್ತ, ಆವರ್ತಕ್ಕೆ ಮೂರು ಪೆಟ್ಟು, ಇಷ್ಟೇ ವಾಲ್ಟ್ಸಿನ ಲೆಕ್ಕ. ನಮ್ಮ ತಿಶ್ರದ ಕಿವಿಗೆ ಕಷ್ಟವೇ ಅಲ್ಲ. ಹೈದರಾಬಾದಿನವರೇ ಆದ ಸಂಗೀತ ನಿರ್ದೇಶಕ ಶಂಕರ್, ಜೈಕಿಶನ್ ಜೊತೆಗೂಡಿ ಹಿಂದಿ ಸಿನಿಮಾಕ್ಕೆ ಆ ನಡೆಯನ್ನು ಧಾರಾಳವಾಗಿ ತಂದವರು. ನೆಲದ ತುಂಬ ಜೋಡಿಗಳು ಅಪ್ರದಕ್ಷಿಣೆಯಾಗಿ ಸುತ್ತುತ್ತಿರುವಾಗ, ಮುಂದೆ ಯಾರೋ ಅಡ್ಡ ಬಂದರೆ ಅದೇ ಗಳಿಗೆಯಲ್ಲಿ ಹೆಜ್ಜೆ ಬದಲಿಸಿ, ಎದುರಿನವರಿಗೆ ಅಂಗೈಯ ಸಣ್ಣ ಒತ್ತಿನಲ್ಲೇ ಅದನ್ನು ತಿಳಿಸಬೇಕು. ಜುಗಲ್‌ಬಂದಿಯಲ್ಲಿ ಇಬ್ಬರು ಕಲಾವಿದರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ ಹಾಗೆ. ಇದನ್ನು ಕನ್ನಡಿಯ ಮುಂದೆ ಸಾಲಾಗಿ ನಿಂತು ಕಲಿಯಲಾಗದು; ಅಪರಿಚಿತರ ಜೊತೆ ಕುಣಿದೇ ಕಲಿಯಬೇಕು.

ಉಡುಪಿನ ಮಾತೂ ಇದೆ. ವಾಲ್ಟ್ಸಿನಲ್ಲಿ ಹೆಣ್ಣಿಗೆ ಹಿಂದಡಿಯೇ ಹೆಚ್ಚು, ಅದೂ ಸೊಂಟದಿಂದ ಬೀಸಿ ಇಡಬೇಕಾದ್ದು. ನಿರಿಗೆಯ ಸೀರೆಯಲ್ಲಿ ಅದು ಮೊಟಕಾಗುತ್ತದೆ, ಹೆಜ್ಜೆ ಗಿಡ್ಡವಾಗಿ ಗಂಡಿನ ಮುಂದಡಿಗೆ ಸೆರಗೋ ನಿರಿಗೆಯೋ ಸಿಕ್ಕುತ್ತದೆ. ಸಲ್ವಾರ್ ಕಮೀಜ್ ಈ ತೊಡಕನ್ನು ಸದ್ದಿಲ್ಲದೆ ಬಿಡಿಸಿದೆ. ಆದರೂ ಗೌನು, ಕೋಟುಗಳನ್ನೇ ಕೇಳುವ ಆಹ್ವಾನ ಪತ್ರಿಕೆಗಳು ಬರುತ್ತಲೇ ಇರುತ್ತವೆ. 2014ರಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ತಡೆದದ್ದಕ್ಕೆ ತಮಿಳುನಾಡು ಕಾನೂನನ್ನೇ ತರಬೇಕಾಯಿತು. ನೃತ್ಯದ ನೆಲಕ್ಕೆ ಬೇಕಾದ ನಿಯಮ ಒಂದೇ: ಜಾರುವ, ಆದರೆ ಬೀಳಿಸದ ಅಟ್ಟೆಯ ಬೂಟು.

ಎಲ್ಲಕ್ಕಿಂತ ದೊಡ್ಡ ತಕರಾರು ಬಾಗಿಲಿನದು. ಹೈದರಾಬಾದಿನ ಎಷ್ಟೋ ಡಾನ್ಸ್ ಫ್ಲೋರುಗಳಲ್ಲಿ 'ಕಪಲ್ಸ್ ಓನ್ಲಿ' ಎಂಬ ಕಟ್ಟಳೆ. ಒಬ್ಬನೇ ಬಂದ ಗಂಡಸನ್ನು ಒಳಗೆ ಬಿಡುವುದಿಲ್ಲ. ಕಾರಣ ನನಗೆ ಗೊತ್ತು: ಕುಡಿದು ಬಂದು ಹೆಣ್ಣುಮಕ್ಕಳ ಮೈಮೇಲೆ ಬೀಳುವ ಪುಂಡರು. ಆ ಭಯ ಸುಳ್ಳಲ್ಲ. ಆದರೆ ಮದ್ದು ತಪ್ಪು. ಜೋಡಿಯಾಗಿ ಬಂದವರು ಜೋಡಿಯಾಗಿಯೇ ಕುಣಿದು ಜೋಡಿಯಾಗಿಯೇ ಮನೆಗೆ ಹೋಗುತ್ತಾರೆ. ಪುಂಡರನ್ನು ತಡೆಯಲು ಹೋಗಿ ಕ್ಲಬ್ಬು ಎಂಬುದೇ ಹುಟ್ಟದಂತಾಯಿತು. ವಿಧವೆ, ವಿಧುರ, ಕುಣಿಯಲೊಲ್ಲದ ಗಂಡನ ಹೆಂಡತಿ, ಊರಿಗೆ ಹೊಸದಾಗಿ ಬಂದ ಹುಡುಗ, ಇವರೆಲ್ಲ ಹೊರಗೇ ಉಳಿದರು. ಬೆಳಗಿದ ದೀಪ, ಕಾಯಂ ಸದಸ್ಯರ ಕಣ್ಗಾವಲು, ನೃತ್ಯ ಮುಗಿಯುವ ತನಕ ಮದ್ಯವಿಲ್ಲ, ಒರಟಾಗಿ ನಡೆದವನಿಗೆ ಮತ್ತೆ ಪ್ರವೇಶವಿಲ್ಲ. ಇಷ್ಟು ಮಾಡಿದರೆ ಬಾಗಿಲು ತೆರೆಯಬಹುದು.

ಸಂಘಟಕರಲ್ಲಿ ನನ್ನ ಕೇಳಿಕೆ ಇಷ್ಟೆ. ಡಿಜೆಯ ಖರ್ಚು ಉಳಿಸಿ ತಿಂಗಳಿಗೊಮ್ಮೆಯಾದರೂ ಮೂರು ಮಂದಿಯ ಬ್ಯಾಂಡು ಕರೆಸಿ. ಲಾಲಾಗುಡದ, ವಾಡಿಯ ಹಳೆಯ ಮನೆಗಳಲ್ಲಿ ಇನ್ನೂ ಹೆಜ್ಜೆ ಮರೆಯದ ಹಿರಿಯರಿದ್ದರೆ ಅವರನ್ನು ಅತಿಥಿಗಳಾಗಿ ಅಲ್ಲ, ಕಲಿಸುವವರಾಗಿ ಕರೆಯಿರಿ. ಬಾಗಿಲ ಮೇಲಿನ ಆ ಫಲಕ ತೆಗೆದುಹಾಕಿ. ಮತ್ತು ಸಂಜೆಯ ಮೊದಲ ಅರ್ಧ ಗಂಟೆಯೊಳಗೆ, ಯಾರೂ ತಮ್ಮ ತಮ್ಮ ಮೇಜಿಗೆ ಅಂಟಿಕೊಳ್ಳುವ ಮುಂಚೆ, ಒಂದು ಪಾಲ್ ಜೋನ್ಸ್ ಇಡಿ.