ಗುರುಪುರದ ಗುತ್ತಿಗೆ: ಆಡಳಿತ ಕಾನೂನಿನ ಸಂಶೋಧನೆಯನ್ನು ಕುರಿತು ಒಂದು ವಿಮರ್ಶೆ

ಆಡಳಿತ ಕಾನೂನನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಸಿದ್ಧವಾಗುವ ಪ್ರಬಂಧಗಳಿಗೆ ಒಂದು ಅಚ್ಚು ಬಿದ್ದುಹೋಗಿದೆ. ಮೊದಲಲ್ಲಿ ಡೈಸಿಯ ಹೆಸರು. ಅನಂತರ ಇಂಗ್ಲೆಂಡಿನ ನಾಲ್ಕಾರು ಮೊಕದ್ದಮೆಗಳು. ಆಮೇಲೆ 1978ರ ಮೇನಕಾ ಗಾಂಧಿಯವರ ಮೊಕದ್ದಮೆ. ಕಡೆಯಲ್ಲಿ ಸ್ವಾಭಾವಿಕ ನ್ಯಾಯತತ್ತ್ವಗಳಿಗೆ ಒಂದು ನಮಸ್ಕಾರ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂತಹ ಪ್ರಬಂಧವನ್ನು ಓದಿ ಮುಗಿಸಿದ ವಿದ್ಯಾರ್ಥಿಗೆ ತನ್ನ ತಾಲ್ಲೂಕಿನಲ್ಲಿ ಯಾರ ಮನೆ ಯಾವ ಕಾಗದದ ಬಲದಿಂದ ನಿಂತಿದೆ ಎಂಬುದು ತಿಳಿಯುವುದಿಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ವ್ಯಾಜ್ಯ ಮಾತ್ರವೇ ವರದಿಗ್ರಂಥಗಳಲ್ಲಿ ಕಾಣುತ್ತದೆ. ಹತ್ತದೆ ಉಳಿದದ್ದು ಅದಕ್ಕಿಂತ ಬಹುಪಾಲು ಹೆಚ್ಚು. ಜನಜೀವನವನ್ನು ನಡೆಸುವುದೂ ಅದೇ. ತೀರ್ಪುಗಳನ್ನು ಓದುವುದೇ ಕಾನೂನಿನ ಸಂಶೋಧನೆ ಎಂಬ ಭಾವನೆ ಎಷ್ಟು ಅಪೂರ್ಣವಾದುದೆಂಬುದನ್ನು ತೋರಿಸಲು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಗುರುಪುರವನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ.

ಗುರುಪುರದಲ್ಲಿ ರಬ್‌ಗ್ಯೇಲಿಂಗ್ ಎಂಬ ಟಿಬೆಟನ್ ವಸತಿ 1972ರಲ್ಲಿ ಸ್ಥಾಪಿತವಾಯಿತು. ಗ್ಯುಮೆ ತಾಂತ್ರಿಕ ವಿಹಾರ ಇರುವುದು ಇಲ್ಲಿಯೇ. ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದಕ್ಕೆ ಅಣ್ಣನಿದ್ದಂತೆ. ಸುಮಾರು 3000 ಎಕರೆ ಭೂಮಿಯಲ್ಲಿ 1960ರಲ್ಲಿ ಆರಂಭವಾದ ಆ ವಸತಿಯನ್ನು ನೋಡಲು ಪ್ರವಾಸಿಗಳು ತಂಡತಂಡವಾಗಿ ಬರುತ್ತಾರೆ. ಗುರುಪುರವನ್ನು ಕೇಳುವವರು ಕಡಿಮೆ. ಬೈಲಕುಪ್ಪೆಯ ಸ್ಥಾಪನೆಯ ಶ್ರೇಯಸ್ಸನ್ನು ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುವುದು ವಾಡಿಕೆ. 1960ರಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು ಎಂಬುದನ್ನು ಹೇಳುವವರು ವಿರಳ. ನಿಜಲಿಂಗಪ್ಪನವರ ಔದಾರ್ಯವನ್ನು ನಾವು ಅಲ್ಲಗಳೆಯುತ್ತಿಲ್ಲ. ಜನರ ನೆನಪು ವ್ಯಕ್ತಿಗಳನ್ನು ಹಿಡಿದಿಟ್ಟುಕೊಂಡಿದೆ, ಆಜ್ಞೆಗಳನ್ನು ಮರೆತಿದೆ. ಸಂಶೋಧಕನೂ ಹಾಗೆಯೇ ಮರೆಯಬೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ವಸತಿಗಳಿಗೆ ಆಧಾರವಾದ ಶಾಸನ ಯಾವುದೆಂದು ಹುಡುಕಿದರೆ ಉತ್ತರ ದೊರೆಯುವುದಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತನೆಂದರೆ ಯಾರೆಂದು ನಿರೂಪಿಸಿ ಆತನ ಹಕ್ಕುಗಳನ್ನು ಗೊತ್ತುಮಾಡುವ ಸಾಮಾನ್ಯ ಕಾಯಿದೆ ನಮ್ಮಲ್ಲಿ ಇಲ್ಲ. ಪತ್ರಿಕೆಗಳಲ್ಲಿಯೂ ಪ್ರಬಂಧಗಳಲ್ಲಿಯೂ ನಾವು ಧಾರಾಳವಾಗಿ ಬಳಸುವ ಆ ಪದಕ್ಕೆ ಕಾನೂನಿನ ದೃಷ್ಟಿಯಲ್ಲಿ ತೂಕವಿಲ್ಲ; ಕಾನೂನಿಗೆ ಗೊತ್ತಿರುವುದು ಪ್ರಜೆ ಮತ್ತು ವಿದೇಶೀಯ ಎಂಬ ಎರಡೇ ವರ್ಗಗಳು. ಹಾಗಾದರೆ ಭೂಮಿ ಕೊಟ್ಟದ್ದು ಹೇಗೆ? ಕಾರ್ಯಾಂಗದ ಅಧಿಕಾರದಿಂದ. 1955ರ ರಾಮ್ ಜವಾಯ ಕಪೂರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಶಾಸನವಿಲ್ಲದಿದ್ದರೂ ಸರ್ಕಾರ ಕಾರ್ಯ ನಡೆಸಬಹುದು, ಆದರೆ ಇನ್ನೊಬ್ಬರ ಹಕ್ಕಿಗೆ ಚ್ಯುತಿ ತರುವಾಗ ಶಾಸನ ಬೇಕು ಎಂದು ನಿರ್ಣಯಿಸಿತು. ಆ ಮೊಕದ್ದಮೆ ಪಂಜಾಬಿನ ಪಠ್ಯಪುಸ್ತಕಗಳ ಪ್ರಕಟಣೆಗೆ ಸಂಬಂಧಿಸಿದ್ದು; ಅಧ್ಯಾಪಕರು ಅದನ್ನು ಪ್ರತಿವರ್ಷವೂ ಪಾಠ ಹೇಳುತ್ತಾರೆ. ಗುರುಪುರದ ಜೋಳದ ಹೊಲವೂ ಅದೇ ಸೂತ್ರದ ಮೇಲೆ ನಿಂತಿದೆ ಎಂಬುದನ್ನು ಪಾಠದಲ್ಲಿ ಸೇರಿಸಿದರೆ ವಿದ್ಯಾರ್ಥಿಗೆ ಸೂತ್ರದ ಬಲವೂ ಅದರ ದೌರ್ಬಲ್ಯವೂ ಒಟ್ಟಿಗೆ ಗೋಚರಿಸುತ್ತವೆ. ಶಾಸನವಿಲ್ಲದೆ ಕೊಟ್ಟದ್ದನ್ನು ಶಾಸನವಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬಹುದೆ? ಪುಸ್ತಕಗಳು ಈ ಪ್ರಶ್ನೆಯ ಹತ್ತಿರ ಬಂದು ನಿಲ್ಲುತ್ತವೆ.

ಕಾಲಸಾಮೀಪ್ಯವೊಂದು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಗುರುಪುರದ ವಸತಿ ಹುಟ್ಟಿದ 1972ರ ಮಾರ್ಚಿಯಲ್ಲಿಯೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅವರ ಸರ್ಕಾರವು 1961ರ ಭೂಸುಧಾರಣೆ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚಿ 1ರಿಂದ ಜಾರಿಗೆ ಬಂದಿತು. ಅಂದಿನಿಂದ ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಭೂನ್ಯಾಯಮಂಡಲಿಗೆ ಅರ್ಜಿ ಹಾಕಿಕೊಂಡು ಒಡೆಯನಾಗುವ ದಾರಿ ತೆರೆಯಿತು. ಮಂಡಲಿಯ ತೀರ್ಮಾನದ ಮೇಲೆ ಆಗ ಮೇಲ್ಮನವಿಯೂ ಇರಲಿಲ್ಲ; ಹೈಕೋರ್ಟಿಗೆ ರಿಟ್ ಅರ್ಜಿಯೊಂದೇ ದಾರಿ. ಹುಣಸೂರಿನ ಹಳ್ಳಿಗಳಲ್ಲಿ ಗೇಣಿದಾರ ಹೀಗೆ ಖಾತೆದಾರನಾಗುತ್ತಿದ್ದಾಗ, ಅದೇ ತಾಲ್ಲೂಕಿನ ಗುರುಪುರದ ಸಾಗುವಳಿದಾರ ಗುತ್ತಿಗೆಯ ನೆಲದವನಾಗಿಯೇ ಉಳಿದನು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸರ್ಕಾರಕ್ಕೆ ಸೇರಿದ ಮತ್ತು ಸರ್ಕಾರದಿಂದ ಗುತ್ತಿಗೆ ಪಡೆದ ಭೂಮಿಗೆ ಈ ಕಾಯಿದೆ ಅನ್ವಯಿಸದೆಂದು ಅದರ 107ನೆಯ ಪ್ರಕರಣ ಹೇಳುತ್ತದೆ. ಪ್ರಕರಣದ ಮಾತು ಸ್ಪಷ್ಟವಾಗಿದೆ. ಆದರೆ ಅರಸರ ಭೂಸುಧಾರಣೆಯನ್ನು ಕುರಿತ ಚರ್ಚೆಯಲ್ಲಿ ಉಳುವವನೇ ಒಡೆಯ ಎಂಬ ಘೋಷಣೆ ಕೇಳಿಬರುವಷ್ಟು ಈ 107ನೆಯ ಪ್ರಕರಣ ಕೇಳಿಬರುವುದಿಲ್ಲ. ಸರ್ಕಾರವೇ ಗೇಣಿಯ ಒಡೆಯನಾದಾಗ ಉಳುವವನ ಗತಿ ಏನೆಂಬ ವಿಚಾರಕ್ಕೆ ಹುಣಸೂರಿಗಿಂತ ಒಳ್ಳೆಯ ಕ್ಷೇತ್ರ ದೊರೆಯದು.

ಇನ್ನು 2014ರ ನೀತಿಯ ಮಾತು. ಕೇಂದ್ರ ಗೃಹ ಮಂತ್ರಾಲಯವು ಆ ವರ್ಷದ ಅಕ್ಟೋಬರಿನಲ್ಲಿ ಟಿಬೆಟನ್ ಪುನರ್ವಸತಿ ನೀತಿಯೊಂದನ್ನು ಹೊರಡಿಸಿತು. ರಾಜ್ಯಕ್ಕೊಂದು ರೀತಿಯಾಗಿದ್ದ ವ್ಯವಹಾರವನ್ನು ಏಕರೂಪಕ್ಕೆ ತರುವುದು ಅದರ ಉದ್ದೇಶ. ರಸ್ತೆ, ವಿದ್ಯುತ್ತು, ಕುಡಿಯುವ ನೀರು ಒದಗಿಸಬೇಕು. ಉದ್ಯೋಗಖಾತ್ರಿ, ಪಡಿತರ ಮೊದಲಾದ ಯೋಜನೆಗಳನ್ನು ವಿಸ್ತರಿಸಬೇಕು. ವ್ಯಾಪಾರಕ್ಕೆ ಪರವಾನಗಿ ಕೊಡಬಹುದು ಎಂಬ ಮಾತುಗಳು ಅದರಲ್ಲಿವೆ. ಇವೆಲ್ಲ ಮೆಚ್ಚತಕ್ಕವು. ಭೂಮಿಯ ವಿಷಯದಲ್ಲಿ ಮಾತ್ರ ನೀತಿಯ ವಾಕ್ಯರಚನೆಯೇ ಓದುಗನನ್ನು ತಡೆದು ನಿಲ್ಲಿಸುತ್ತದೆ. ರಾಜ್ಯ ಸರ್ಕಾರವು ಟಿಬೆಟನ್ನರ ಸ್ವಾಧೀನದಲ್ಲಿರುವ ಭೂಮಿಗೆ ಗುತ್ತಿಗೆಪತ್ರ ಬರೆದುಕೊಡಬಹುದು. ಅವಧಿ 20 ವರ್ಷ, ಇಲ್ಲವೆ ಗುತ್ತಿಗೆಯನ್ನು ರದ್ದುಮಾಡುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅದು.

ಈ ವಾಕ್ಯದ ಮೊದಲ ಭಾಗ ಕೊಟ್ಟದ್ದನ್ನು ಎರಡನೆಯ ಭಾಗ ಕಸಿದುಕೊಳ್ಳುತ್ತದೆ. ಇಪ್ಪತ್ತು ವರ್ಷವೆಂಬುದು ಹೆಚ್ಚೆಂದರೆ ಎಷ್ಟು ಎಂಬುದರ ಮಿತಿಯೇ ಹೊರತು ಕಡಿಮೆಯೆಂದರೆ ಇಷ್ಟಾದರೂ ಉಂಟು ಎಂಬ ಭರವಸೆಯಲ್ಲ. ಯಾವ ಕಾರಣಕ್ಕೆ ರದ್ದು, ಎಷ್ಟು ದಿನಗಳ ನೋಟೀಸು, ಯಾರ ಮುಂದೆ ವಿಚಾರಣೆ: ಈ ವಾಕ್ಯದಲ್ಲಿ ಅದೊಂದೂ ಇಲ್ಲ. ಕಾಡು ಕಡಿದು, ಆನೆಗಳ ಕಾಟವನ್ನು ಸಹಿಸಿ, ಮೂರು ತಲೆಮಾರು ಉತ್ತ ನೆಲಕ್ಕೆ ಇಂತಹ ವಾಕ್ಯ ಸಾಕೆ ಎಂದು ಕೇಳಬೇಕಾಗುತ್ತದೆ. 1967ರ ಬೀನಾಪಾಣಿ ದೇಯಿ ಮೊಕದ್ದಮೆಯ ತತ್ತ್ವದಂತೆ, ವ್ಯಕ್ತಿಯ ಹಿತಕ್ಕೆ ಬಾಧೆ ತರುವ ಆಡಳಿತಾಜ್ಞೆಯೂ ಆತನ ಅಹವಾಲನ್ನು ಕೇಳಿಯೇ ಹೊರಡಬೇಕು. ಆದ್ದರಿಂದ ನೀತಿ ಮೌನವಾಗಿದ್ದರೂ ನ್ಯಾಯಾಲಯ ಅಷ್ಟನ್ನು ಒದಗಿಸೀತು. ಅದಕ್ಕಿಂತ ಹೆಚ್ಚನ್ನು ಒದಗಿಸುತ್ತದೆಂದು ನಾವು ನಂಬಲಾರೆವು. ಸರ್ಕಾರದ ವಾಗ್ದಾನವನ್ನು ನಂಬಿ ನಡೆದವನಿಗೆ ಸರ್ಕಾರ ಮಾತು ತಪ್ಪಬಾರದೆಂದು 1979ರ ಮೋತಿಲಾಲ್ ಪದಂಪತ್ ಮೊಕದ್ದಮೆಯಲ್ಲಿ ತೀರ್ಪಾಗಿದೆಯೆಂದು ಕೆಲವರು ವಾದಿಸಬಹುದು. ವಾಗ್ದಾನದಲ್ಲಿಯೇ ರದ್ದತಿಯ ಮಾತು ಇದ್ದರೆ ಆ ತತ್ತ್ವ ಎಷ್ಟು ದೂರ ಬಂದೀತು?

ಇದರ ಜತೆಗೆ ಅರಣ್ಯದ ತೊಡಕೊಂದುಂಟು. ಅರಣ್ಯಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಕೊಡುವ ಮೊದಲು ಕೇಂದ್ರದ ಪೂರ್ವಾನುಮತಿ ಬೇಕೆಂದು 1980ರ ಅರಣ್ಯ ಸಂರಕ್ಷಣೆ ಕಾಯಿದೆಯ 2ನೆಯ ಪ್ರಕರಣ ವಿಧಿಸಿತು. 1986ರ ಅಂಬಿಕಾ ಕ್ವಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಳೆಯ ಗಣಿಗುತ್ತಿಗೆಯ ನವೀಕರಣಕ್ಕೂ ಈ ಅನುಮತಿ ಬೇಕು ಎಂದಿತು. ಈ ಸೀಮೆಯಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ನಾಗರಹೊಳೆಯ ಮುರ್ಕಲ್‌ನಲ್ಲಿ ಹೋಟೆಲು ಕಂಪೆನಿಯೊಂದಕ್ಕೆ ಕೊಟ್ಟಿದ್ದ ಗುತ್ತಿಗೆಯನ್ನು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಪ್ರಶ್ನಿಸಿತು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. ಅಲ್ಲಿ ಆದಿವಾಸಿಗಳಿಗೆ ಜಯವಾಯಿತು, ಸಂತೋಷ. ಆದರೆ ಅದೇ ತತ್ತ್ವವನ್ನು, ದಾಖಲೆಯಲ್ಲಿ ಇನ್ನೂ ಅರಣ್ಯವೆಂದೇ ನಮೂದಾಗಿರುವ ಯಾವುದಾದರೂ ಪುನರ್ವಸತಿ ಭೂಮಿಗೆ ಅನ್ವಯಿಸಿದರೆ, 1972ರಲ್ಲಿ ಸುಲಭವಾಗಿ ಆದ ಕೆಲಸ ನವೀಕರಣದ ಕಾಲಕ್ಕೆ ಸುಲಭವಾಗಿ ಆಗಲಾರದು. ಆದ್ದರಿಂದಲೇ ಪಹಣಿಯ ಆ ಒಂದು ಕಾಲಮನ್ನು ಹೋಗಿ ನೋಡುವ ಸಂಶೋಧಕ, ಹತ್ತು ತೀರ್ಪುಗಳ ಸಾರಾಂಶ ಬರೆಯುವವನಿಗಿಂತ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

ಆದಿವಾಸಿಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಗುರುಪುರ ಹುಟ್ಟಿದ 1972ರಲ್ಲಿಯೇ ವನ್ಯಜೀವಿ ಸಂರಕ್ಷಣೆ ಕಾಯಿದೆಯೂ ಹುಟ್ಟಿತು. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಿನ ಹಾಡಿಗಳಲ್ಲಿದ್ದ ಜೇನುಕುರುಬರು ಮೊದಲಾದವರು ಹೊರಬಂದ ಕಥೆಯನ್ನು, ಹೈಕೋರ್ಟು ನೇಮಿಸಿದ್ದ ಮುಜಫ್ಫರ್ ಅಸಾದಿಯವರ ಸಮಿತಿ 2014ರಲ್ಲಿ ವರದಿ ಮಾಡಿತು. ಸ್ಥಳಾಂತರಗೊಂಡ ಕುಟುಂಬಗಳು ಮೂರು ಸಾವಿರಕ್ಕೂ ಹೆಚ್ಚೆಂದು ಅದು ಕಂಡುಕೊಂಡಿತು. ಈ ಜನರ ಪರವಾಗಿ 2006ರ ಅರಣ್ಯ ಹಕ್ಕುಗಳ ಕಾಯಿದೆಯೆಂಬ ಶಾಸನವೇ ಇದೆ. ಒಂದು ಕಡೆ ಶಾಸನವಿಲ್ಲದೆ ನೆಲ ದೊರೆತವರು, ಇನ್ನೊಂದು ಕಡೆ ಶಾಸನವಿದ್ದೂ ನೆಲಕ್ಕಾಗಿ ಅಲೆಯುವವರು, ಇಬ್ಬರೂ ಒಂದೇ ತಾಲ್ಲೂಕು ಕಚೇರಿಗೆ ಬರುತ್ತಾರೆ. ಶಾಸನವೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಂಬ ಸರಳ ನಂಬಿಕೆ ನಮಗಿಲ್ಲದಿರುವುದು ಇದರಿಂದಲೇ. ಟಿಬೆಟನ್ನರ ವಿಷಯದಲ್ಲಿ ಕಾರ್ಯಾಂಗದ ಔದಾರ್ಯ ಅರ್ಧ ಶತಮಾನಕ್ಕೂ ಮೀರಿ ನಡೆದು ಬಂದಿದೆ, ಶಾಸನ ಮಾಡಹೊರಟಿದ್ದರೆ ಇಷ್ಟು ದೊರೆಯುತ್ತಿತ್ತೋ ಇಲ್ಲವೋ ಎಂಬ ಆಕ್ಷೇಪವನ್ನು ನಾವು ಅರ್ಧ ಒಪ್ಪುತ್ತೇವೆ. ಒಪ್ಪದೆ ಉಳಿದ ಅರ್ಧ ಪೌರತ್ವಕ್ಕೆ ಸಂಬಂಧಿಸಿದ್ದು.

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು 1955ರ ಪೌರತ್ವ ಕಾಯಿದೆಯ 3ನೆಯ ಪ್ರಕರಣ ಹೇಳುತ್ತದೆ. ತಂದೆತಾಯಿ ಯಾರೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟು 2010ರ ನಾಮ್‌ಗ್ಯಾಲ್ ದೋಲ್ಕರ್ ಮೊಕದ್ದಮೆಯಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂತಹವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟು ಪಾಸ್‌ಪೋರ್ಟು ನಿರಾಕರಿಸಬಾರದೆಂದು ಮತ್ತೆ ಹೇಳಬೇಕಾಯಿತು. ಅನಂತರ 2017ರಲ್ಲಿ ವಿದೇಶಾಂಗ ಮಂತ್ರಾಲಯದ ಕಡೆಯಿಂದ ಬಂದ ಷರತ್ತುಗಳಲ್ಲಿ, ಅರ್ಜಿದಾರ ವಿದೇಶೀಯರ ನೋಂದಣಿ ಪತ್ರವನ್ನು ಒಪ್ಪಿಸಬೇಕು, ಗೊತ್ತುಪಡಿಸಿದ ಟಿಬೆಟನ್ ವಸತಿಯಲ್ಲಿ ವಾಸಿಸುತ್ತಿರಬಾರದು ಎಂಬವು ಸೇರಿದ್ದವು. ಪಾಸ್‌ಪೋರ್ಟನ್ನು ನಿರಾಕರಿಸಬಹುದಾದ ಕಾರಣಗಳನ್ನು 1967ರ ಪಾಸ್‌ಪೋರ್ಟು ಕಾಯಿದೆಯ 6ನೆಯ ಪ್ರಕರಣ ಎಣಿಸಿಕೊಟ್ಟಿದೆ; ಅರ್ಜಿದಾರ ತನ್ನ ತಾಯಿಯ ಮನೆಯಲ್ಲಿ ವಾಸವಾಗಿರುವುದು ಅವುಗಳಲ್ಲಿ ಒಂದಲ್ಲ.

ಗುರುಪುರದಲ್ಲಿ 1975ರಲ್ಲಿ ಹುಟ್ಟಿದ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿರಿ. ಪೌರತ್ವ ಕಾಯಿದೆಯಂತೆ ಆತ ಪ್ರಜೆ. ಆತ ಉಳುವ ನೆಲದ ಮೇಲೆ ಆತನಿಗಿರುವ ಆಧಾರ ಮಾತ್ರ ಆತ ಪ್ರಜೆಯಲ್ಲವೆಂಬ ಗ್ರಹಿಕೆಯ ಮೇಲೆ ನಿಂತ ನೀತಿ. ಒಂದನ್ನು ಪಡೆಯಹೋದರೆ ಇನ್ನೊಂದು ಕೈಬಿಡುವ ಭಯ ಸಹಜ. ಅಂತಹ ಭಯವಿರುವವನು ನ್ಯಾಯಾಲಯಕ್ಕೆ ಹೋಗುವುದಿಲ್ಲ, ಹೋಗದಿದ್ದರೆ ವರದಿಗ್ರಂಥದಲ್ಲಿ ಕಾಣುವುದಿಲ್ಲ, ಕಾಣದಿದ್ದರೆ ನಮ್ಮ ಪ್ರಬಂಧಗಳಲ್ಲಿ ಆತನಿಗೆ ಸ್ಥಳವಿಲ್ಲ. 1939ರ ಮತ್ತು 1946ರ ವಿದೇಶೀಯರ ಕಾಯಿದೆಗಳ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ. ಅದರಡಿಯಲ್ಲಿಯೂ ಟಿಬೆಟನ್ನರ ವಿಷಯ ನಿರ್ಧಾರವಾಗಿರುವುದು ವಿನಾಯಿತಿಯ ಆಜ್ಞೆಯೊಂದರಿಂದ, ಮತ್ತೆ ಆಜ್ಞೆಯೇ.

ನೀತಿಯಂತೆ ಗುತ್ತಿಗೆಪತ್ರವಾಗತಕ್ಕದ್ದು ರೈತನ ಹೆಸರಿಗಲ್ಲ, ಕೇಂದ್ರೀಯ ಟಿಬೆಟನ್ ಪರಿಹಾರ ಸಮಿತಿಯ ಹೆಸರಿಗೆ. ಆದ್ದರಿಂದ ತಂದೆ ತೀರಿಕೊಂಡಾಗ ಹೊಲ ಮಗನಿಗೋ ಮಗಳಿಗೋ ಎಂಬುದು ಉತ್ತರಾಧಿಕಾರದ ಪ್ರಶ್ನೆಯಾಗುವ ಬದಲು ಕುಟುಂಬಕ್ಕೂ ಸಮಿತಿಗೂ ನಡುವಿನ ವ್ಯವಹಾರವಾಗುತ್ತದೆ. ಸಮಿತಿಯ ನಿರ್ಧಾರವನ್ನು ಸಂವಿಧಾನದ 226ನೆಯ ಅನುಚ್ಛೇದದಡಿ ಪ್ರಶ್ನಿಸಬಹುದೆ? ಸಾರ್ವಜನಿಕ ಕರ್ತವ್ಯವನ್ನು ಹೊತ್ತ ಖಾಸಗಿ ಸಂಸ್ಥೆಯ ಮೇಲೂ ರಿಟ್ ನಡೆಯುತ್ತದೆಂದು 1989ರ ಆಂಡಿ ಮುಕ್ತ ಮೊಕದ್ದಮೆಯಲ್ಲಿ ನಿರ್ಣಯವಾಗಿದೆ. ಭೂಮಿಯನ್ನು ಹಂಚುವುದು ಅಂತಹ ಕರ್ತವ್ಯವೆಂದೇ ನಮ್ಮ ಅಭಿಪ್ರಾಯ. ನೀತಿ ಹೊರಟ ವರ್ಷದಲ್ಲಿಯೇ ಸಹಿಯಾದ ಗುತ್ತಿಗೆಯಿದ್ದರೆ ಅದರ ಇಪ್ಪತ್ತು ವರ್ಷ 2034ಕ್ಕೆ ತುಂಬುತ್ತದೆ. ಈಗ ಸ್ನಾತಕೋತ್ತರ ತರಗತಿಯಲ್ಲಿರುವ ವಿದ್ಯಾರ್ಥಿ ಆ ವೇಳೆಗೆ ವಕೀಲನಾಗಿಯೋ ಅಧಿಕಾರಿಯಾಗಿಯೋ ಆ ಕಡತವನ್ನು ಕೈಯಲ್ಲಿ ಹಿಡಿದಿರುತ್ತಾನೆ.